ತಲೆಯ ಮೇಲಿನ ಸದ್ದಿಗೆ ಮೊದಲು ಸೋಫಾ ಸರಿಸಿ

ಪ್ರಶ್ನೆ: ನಮ್ಮದು ಆರ್‌ಸಿಸಿ ಮನೆ. ಹಾಲ್ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ ಇದೆ. ಕೆಲವು ವರ್ಷಗಳಿಂದ 5.1 ಹೋಂ ಥಿಯೇಟರ್ ಇಟ್ಟುಕೊಂಡಿದ್ದೇವೆ. ರಿಸೀವರ್ ಮಾತ್ರ 7.2 ಚಾನೆಲ್‌ನದು. ಅದರ ಮೇಲೆ ಡಾಲ್ಬಿ ಅಟ್ಮೋಸ್ ಎಂದು ಬರೆದಿದೆ, ಹಿಂಭಾಗದಲ್ಲಿ ಎರಡು ಸ್ಪೀಕರುಗಳ ಟರ್ಮಿನಲ್ ಖಾಲಿ ಇವೆ. ಮಕ್ಕಳು ಮೇಲೆ ಹಾಕುವ ಹೈಟ್ ಸ್ಪೀಕರ್ ತರೋಣ ಎನ್ನುತ್ತಿದ್ದಾರೆ. ಒಂದು ಅಂಗಡಿಯವರು ಮುಂದಿನ ಸ್ಪೀಕರುಗಳ ತಲೆಯ ಮೇಲೆ ಕೂರಿಸುವ ಜೋಡಿ ಸಾಕು ಎಂದರು. ಇನ್ನೊಬ್ಬರು ಫಾಲ್ಸ್ ಸೀಲಿಂಗ್ ಮಾಡಿಸಿ ನಾಲ್ಕು ಹಾಕಿಸಿ ಎಂದರು. ಸೋಫಾ ಹಿಂದಿನ ಗೋಡೆಗೆ ಆತುಕೊಂಡಿದೆ, ಸರೌಂಡ್ ಸ್ಪೀಕರುಗಳು ಅದೇ ಗೋಡೆಯ ಎರಡು ಮೂಲೆಗಳಲ್ಲಿ ಲಿಂಟಲ್ ಮಟ್ಟದಲ್ಲಿವೆ. ಖರ್ಚು ಮಾಡಿದರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಗೊತ್ತಾಗುತ್ತದೆ. ಆದರೆ ಹಾಲ್ ಈಗಿರುವ ಹಾಗೇ ಇದ್ದರೆ ಎರಡಲ್ಲ, ನಾಲ್ಕು ಸ್ಪೀಕರ್ ತಂದು ಹಾಕಿದರೂ ಕೊಟ್ಟ ದುಡ್ಡಿಗೆ ತಕ್ಕ ಫಲ ಸಿಗುವುದಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಎರಡು ಕೆಲಸ ಮಾಡಿ. ಸೋಫಾವನ್ನು ಎರಡು ಅಡಿ ಮುಂದಕ್ಕೆ ಎಳೆಯಿರಿ, ಸರೌಂಡ್ ಸ್ಪೀಕರುಗಳನ್ನು ಲಿಂಟಲ್ ಮಟ್ಟದಿಂದ ಕೆಳಗಿಳಿಸಿ. ಎರಡಕ್ಕೂ ಹೆಚ್ಚು ಖರ್ಚಿಲ್ಲ. ಇವೆರಡು ಏಕೆ ಬೇಕು ಎಂಬುದು ತಿಳಿದರೆ ಯಾವ ಸ್ಪೀಕರ್, ಎಷ್ಟು, ಎಲ್ಲಿ ಎಂಬ ಮಿಕ್ಕ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎನ್ನುವುದನ್ನು ನಾವು ಕಣ್ಣು ಮುಚ್ಚಿಯೂ ಹೇಳಬಲ್ಲೆವು. ಎಡಗಡೆಯ ಸದ್ದು ಎಡಗಿವಿಗೆ ಒಂದಿಷ್ಟು ಮುಂಚೆ, ಒಂದಿಷ್ಟು ಜೋರಾಗಿ ತಲುಪುತ್ತದೆ. ಮಿದುಳಿಗೆ ಆ ಚಿಕ್ಕ ಅಂತರವೇ ಸಾಕು. ಮೇಲೆ ಕೆಳಗೆ ಎನ್ನುವಾಗ ಈ ಉಪಾಯ ನಡೆಯುವುದಿಲ್ಲ. ನೆತ್ತಿಯ ಮೇಲಿನ ಫ್ಯಾನಿನ ಸದ್ದು ಎರಡೂ ಕಿವಿಗೆ ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ಬರುತ್ತದೆ. ಆಗ ನೆರವಿಗೆ ಬರುವುದು ಹೊರಗಿವಿಯ ಮಡಿಕೆಗಳು. ಸದ್ದು ಬರುವ ಎತ್ತರ ಬದಲಾದಂತೆ ಈ ಮಡಿಕೆಗಳು ಕೀಚಲು ಭಾಗದ ಕೆಲವು ತರಂಗಗಳನ್ನು ಹಿಗ್ಗಿಸುತ್ತವೆ, ಕೆಲವನ್ನು ಕುಗ್ಗಿಸುತ್ತವೆ. ಜರ್ಮನಿಯ ಯೆನ್ಸ್ ಬ್ಲೌವರ್ಟ್ 1960ರ ದಶಕದ ಕೊನೆಯಲ್ಲಿ ನಡೆಸಿದ ಪ್ರಯೋಗಗಳಲ್ಲಿ, 8 ಕಿಲೋಹರ್ಟ್ಜ್ ಆಸುಪಾಸಿನ ಸದ್ದನ್ನು ಮುಂದಿನಿಂದ ನುಡಿಸಿದರೂ ಹಿಂದಿನಿಂದ ನುಡಿಸಿದರೂ ಕೇಳುಗರು ಮೇಲಿನಿಂದ ಬಂದಂತೆ ಗುರುತಿಸಿದರು. ಎಂದರೆ ಎತ್ತರವನ್ನು ಕಿವಿ ಅಳೆಯುವುದಿಲ್ಲ, ಸದ್ದಿನ ಬಣ್ಣ ನೋಡಿ ಊಹಿಸುತ್ತದೆ. ಎಡ ಬಲದಲ್ಲಿ ಒಂದೆರಡು ಡಿಗ್ರಿಯ ವ್ಯತ್ಯಾಸವನ್ನೂ ಹಿಡಿಯುವ ಅದೇ ಕಿವಿ ಮೇಲೆ ಕೆಳಗಿನ ವಿಷಯದಲ್ಲಿ ಅಷ್ಟು ಚುರುಕಲ್ಲ.

ಆದ್ದರಿಂದ ಹೈಟ್ ಸ್ಪೀಕರ್ ಫಲ ಕೊಡಬೇಕಾದರೆ ಕೆಳಗಿನ ಸ್ಪೀಕರುಗಳಿಗೂ ಮೇಲಿನವಕ್ಕೂ ನಡುವೆ ಧಾರಾಳ ಅಂತರ ಇರಬೇಕು. ಕೆಳಗಿನವು ಕೂತವರ ಕಿವಿಯ ಮಟ್ಟದಲ್ಲೇ ಇರಬೇಕು, ಮೇಲಿನವು ಕಿವಿಯಿಂದ ನೋಡಿದರೆ ಕನಿಷ್ಠ 30 ಡಿಗ್ರಿ ಎತ್ತರದಲ್ಲಿರಬೇಕು, 45 ಆದರೆ ಉತ್ತಮ. ಡಾಲ್ಬಿಯ ಮಾರ್ಗಸೂಚಿಯಲ್ಲೂ ಮುಂದಿನ ಓವರ್‌ಹೆಡ್ ಜೋಡಿಗೆ 30ರಿಂದ 55, ನೆತ್ತಿಯ ಜೋಡಿಗೆ 65ರಿಂದ 100, ಹಿಂದಿನ ಜೋಡಿಗೆ 125ರಿಂದ 150 ಡಿಗ್ರಿ ಎಂದಿದೆ. ಇದನ್ನು ಕೋಣೆಯನ್ನು ಪಕ್ಕದಿಂದ ನೋಡಿದಂತೆ ಎಣಿಸಬೇಕು. ಟಿವಿ ಕಡೆ ಸೊನ್ನೆ, ನೆತ್ತಿಯ ನೇರಕ್ಕೆ 90, ಬೆನ್ನ ಹಿಂದೆ 180.

ಈ ಲೆಕ್ಕವನ್ನು ನಿಮ್ಮ ಹಾಲಿಗೆ ಹಾಕೋಣ. ಸೋಫಾದಲ್ಲಿ ಕೂತವರ ಕಿವಿ ನೆಲದಿಂದ ಸುಮಾರು ಮೂರೂವರೆ ಅಡಿ ಮೇಲಿರುತ್ತದೆ. ಲಿಂಟಲ್ ಎಂದರೆ 7 ಅಡಿ. ಗೋಡೆಗೆ ಆತ ಸೋಫಾದಲ್ಲಿ ಕಿವಿಗೂ ಹಿಂದಿನ ಗೋಡೆಗೂ ಹೆಚ್ಚೆಂದರೆ 2 ಅಡಿ. ಸ್ಪೀಕರುಗಳು ಮೂಲೆಯಲ್ಲಿರುವುದರಿಂದ ಮಧ್ಯೆ ಕೂತವರಿಂದ ಪಕ್ಕಕ್ಕೆ ನಾಲ್ಕೂವರೆ ಅಡಿ ದೂರ. ಕಿವಿಯಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಅದು ಸುಮಾರು 35 ಡಿಗ್ರಿ ಮೇಲಕ್ಕೆ ಓಡುತ್ತದೆ. ನಿಮ್ಮ ಸರೌಂಡ್ ಸ್ಪೀಕರುಗಳು ಹೆಸರಿಗೆ ಸರೌಂಡ್, ಕೂತಿರುವ ಜಾಗ ಹೈಟಿನದು. ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ಹೀಗೇ ಇದೆ. ಮಕ್ಕಳ ಕೈಗೆ ಸಿಗಬಾರದು, ಓಡಾಡುವಾಗ ತಾಗಬಾರದು, ವೈರ್ ಕಾಣಬಾರದು ಎಂದು ಅಳವಡಿಸುವವರು ಮೇಲೆ ಹೊಡೆದು ಹೋಗಿರುತ್ತಾರೆ. ಬರೀ 5.1 ಇದ್ದಾಗ ಇದರಿಂದ ದೊಡ್ಡ ನಷ್ಟವಿರಲಿಲ್ಲ. ಈಗ ಅವುಗಳ ಮೇಲೆ ಇನ್ನೊಂದು ಜೋಡಿ ಬಂದರೆ ಮೇಲೆ ಮೇಲೆ ಎರಡು ಪದರ ಆಗುತ್ತದೆ, ಕೆಳಗೆ ಕಿವಿಯ ಸುತ್ತ ಖಾಲಿ ಉಳಿಯುತ್ತದೆ. ಹೆಲಿಕಾಪ್ಟರ್ ಹಿಂದಿನಿಂದ ಮೇಲಕ್ಕೆ ಏರಬೇಕಾದ ಕಡೆ ಮೇಲಿನಿಂದ ಮೇಲಕ್ಕೇ ಹೋದಂತೆ ಕೇಳುತ್ತದೆ.

ಈಗ ಸೋಫಾ 2 ಅಡಿ ಮುಂದೆ ಬರಲಿ. ಕಿವಿಗೂ ಹಿಂದಿನ ಗೋಡೆಗೂ 4 ಅಡಿ ಅಂತರ ಸಿಕ್ಕಿತು, ಮುಂದಿನ ಗೋಡೆ 10 ಅಡಿ ದೂರದಲ್ಲಿ ಉಳಿಯಿತು. ಸರೌಂಡ್ ಜೋಡಿಯನ್ನು ಪಕ್ಕದ ಗೋಡೆಗಳಿಗೆ ತನ್ನಿ. ಕಿವಿಯ ಸಾಲಿನಿಂದ 2 ಅಡಿ ಹಿಂದೆ, ನೆಲದಿಂದ 4 ಅಡಿ ಎತ್ತರದಲ್ಲಿ ಇಟ್ಟರೆ ಮುಂದಿನಿಂದ ಎಣಿಸಿದಾಗ ಅವು ಸುಮಾರು 110 ಡಿಗ್ರಿಗೆ ಬರುತ್ತವೆ, 5.1ರಲ್ಲಿ ಅವು ಇರಬೇಕಾದ ಜಾಗವೇ ಅದು. ಕಿವಿಗಿಂತ ಅರ್ಧ ಅಡಿ ಮೇಲೆ ಏಕೆಂದರೆ, ಪಕ್ಕದಲ್ಲಿ ಕೂತವರ ತಲೆ ಅಡ್ಡ ಬರಬಾರದು. ಗೋಡೆಯಲ್ಲಿ ಬಾಗಿಲೋ ಕಿಟಕಿಯೋ ಇದ್ದರೆ ಸ್ಟ್ಯಾಂಡ್ ಮೇಲೆ ಇಡಿ.

ಈ ಎರಡು ಅಡಿಯಿಂದ ಮೇಲಿನ ಲೆಕ್ಕವೂ ಬದಲಾಗುತ್ತದೆ. ಮುಂದಿನ ಗೋಡೆಯ ತುದಿಯಲ್ಲಿ, ಒಂಬತ್ತೂವರೆ ಅಡಿ ಎತ್ತರದಲ್ಲಿ ಒಂದು ಸ್ಪೀಕರ್ ಹೊಡೆದಿರಿ ಎಂದುಕೊಳ್ಳಿ. ಸೋಫಾ ಹಿಂದೆ ಇದ್ದಾಗ ಅದು ಸುಮಾರು 27 ಡಿಗ್ರಿಯಲ್ಲಿರುತ್ತದೆ, ಟಿವಿಯ ಮೇಲಿನಿಂದ ಬಂದಂತೆ ಕೇಳುತ್ತದೆಯೇ ಹೊರತು ತಲೆಯ ಮೇಲಿನಿಂದ ಅಲ್ಲ. ಸೋಫಾ ಮುಂದೆ ಬಂದರೆ ಅದೇ ಸ್ಪೀಕರ್ 31 ಡಿಗ್ರಿಗೆ ಏರಿ ಮಿತಿಯೊಳಗೆ ಬರುತ್ತದೆ. ಗೋಡೆಗೆ ತಲೆ ತಾಗಿಸಿ ಕೂತಾಗ ಕೇಳುವ ಸಬ್‌ವೂಫರಿನ ಅತಿಯಾದ ಗುಂಯ್‌ಗುಡುವಿಕೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಓಡಾಡಲು ದಾರಿ ಕಿರಿದಾಯಿತು ಎಂದು ಮನೆಯವರು ಗೊಣಗಿದರೆ, ಸಿನಿಮಾ ನೋಡುವ ಹೊತ್ತಿಗೆ ಮಾತ್ರ ಎಳೆದುಕೊಳ್ಳಬಹುದು. ನೆಲದ ಮೇಲೆ ಸಣ್ಣ ಗುರುತು ಹಾಕಿಟ್ಟರೆ ಸಾಕು.

ಇನ್ನು ಸ್ಪೀಕರಿನ ಮಾತು. ಅದಕ್ಕೆ ಮುಂಚೆ ಈ ತಂತ್ರದ ಒಳಮರ್ಮ ಒಂದಿಷ್ಟು ತಿಳಿದಿರಲಿ. ಹೈಟ್ ಸ್ಪೀಕರಿನ ಕಲ್ಪನೆ ಹಳೆಯದು. ಯಮಾಹಾ ಕಂಪನಿ 1986ರ ತನ್ನ ಡಿಎಸ್‌ಪಿ-1 ಯಂತ್ರದಲ್ಲೇ ಮುಂದಿನ ಗೋಡೆಯ ಮೇಲ್ಭಾಗಕ್ಕೆಂದು ಜೋಡಿ ಚಾನೆಲ್ ಕೊಟ್ಟಿತ್ತು. 2009ರಲ್ಲಿ ಡಾಲ್ಬಿ ಪ್ರೊ ಲಾಜಿಕ್ 2ಝಡ್ ಬಂತು. ಆದರೆ ಅಲ್ಲೆಲ್ಲ ಯಂತ್ರವೇ ಊಹೆಯಿಂದ ಎತ್ತರದ ಸದ್ದನ್ನು ಹೊಸೆಯುತ್ತಿತ್ತು. ಅಟ್ಮೋಸ್ 2012ರಲ್ಲಿ ಪಿಕ್ಸಾರ್‌ನ 'ಬ್ರೇವ್' ಚಿತ್ರದೊಂದಿಗೆ ಥಿಯೇಟರಿಗೆ ಬಂದಾಗ ಕ್ರಮವೇ ಬದಲಾಯಿತು. ಈ ಹಕ್ಕಿ ಈಗ ಇಲ್ಲಿದೆ, ಮರುಕ್ಷಣ ಅಲ್ಲಿಗೆ ಹಾರಬೇಕು ಎಂದು ಧ್ವನಿ ಸಂಯೋಜಕ ಜಾಗವನ್ನೇ ಬರೆದಿಡುತ್ತಾನೆ. ಎಲ್ಲಿ ಯಾವ ಸ್ಪೀಕರ್ ಇದೆಯೆಂದು ನೋಡಿ, ಯಾವುದರಿಂದ ಎಷ್ಟು ನುಡಿಸಬೇಕೆಂದು ಯಂತ್ರ ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ರಜನಿಕಾಂತ್‌ರ 'ಶಿವಾಜಿ 3ಡಿ' ಅಟ್ಮೋಸ್‌ನಲ್ಲಿ ಬಿಡುಗಡೆಯಾಯಿತು. ಮುಂದಿನ ವರ್ಷ ಕಮಲ್ ಹಾಸನ್ ತಮ್ಮ 'ವಿಶ್ವರೂಪಂ'ಗೆ ಬೆಲ್ಜಿಯಂ ಮೂಲದ ಆರೋ-3ಡಿಯನ್ನು ಬಳಸಿದರು. ಮನೆಯ ರಿಸೀವರುಗಳಿಗೆ ಅಟ್ಮೋಸ್ ಬಂದದ್ದು 2014ರಲ್ಲಿ, ಅದರ ಪ್ರತಿಸ್ಪರ್ಧಿ ಡಿಟಿಎಸ್:ಎಕ್ಸ್ ಮರುವರ್ಷ.

ಇದರಿಂದ ನಿಮಗೆ ಗೊತ್ತಾಗಬೇಕಾದ್ದು ಇಷ್ಟು: ರಿಸೀವರಿಗೆ ಕಣ್ಣಿಲ್ಲ. ಸ್ಪೀಕರ್ ಇಲ್ಲಿದೆ ಎಂದು ನೀವು ಮೆನುವಿನಲ್ಲಿ ಹೇಳಿದ್ದನ್ನೇ ಅದು ನಂಬುತ್ತದೆ. 7.2 ಎಂದರೆ ಅದರಲ್ಲಿ ಏಳು ಸ್ಪೀಕರಿಗೆ ಸಾಲುವ ಆಂಪ್ಲಿಫೈಯರ್ ಇದೆ, ಎರಡು ಸಬ್‌ವೂಫರಿಗೆ ಜಾಗವಿದೆ. ಐದು ಈಗಾಗಲೇ ಕೆಲಸದಲ್ಲಿವೆ. ಉಳಿದ ಎರಡನ್ನು ಬೆನ್ನ ಹಿಂದಿನ ಸ್ಪೀಕರಿಗೂ ಕೊಡಬಹುದು, ಹೈಟಿಗೂ ಕೊಡಬಹುದು. ಹೈಟಿಗೇ ಕೊಡಿ. ಆಗ ಆಗುವುದು 5.1.2, ಕೊನೆಯ ಅಂಕಿ ಮೇಲಿನ ಸ್ಪೀಕರುಗಳ ಎಣಿಕೆ. ನಾಲ್ಕು ಬೇಕೆಂದರೆ ಒಂಬತ್ತು ಚಾನೆಲ್‌ನ ರಿಸೀವರ್ ಬೇಕು. ಒಂದೇ ಟರ್ಮಿನಲ್‌ಗೆ ಎರಡೆರಡು ಸ್ಪೀಕರ್ ಸಿಕ್ಕಿಸಿ ನಾಲ್ಕು ಮಾಡಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಎರಡು 8 ಓಮ್ ಸ್ಪೀಕರುಗಳನ್ನು ಹಾಗೆ ಜೋಡಿಸಿದರೆ ರಿಸೀವರಿನ ಪಾಲಿಗೆ ಅದು 4 ಓಮ್ ಹೊರೆ. ಅಷ್ಟು ಹೊತ್ತರೂ ಎರಡರಲ್ಲೂ ಬರುವುದು ಒಂದೇ ಸದ್ದು.

ಆ ಎರಡನ್ನು ಎಲ್ಲಿ ಹಾಕುವುದು? ನಿಮ್ಮ ಮನೆಯಲ್ಲಿ ಮೊದಲ ಆಯ್ಕೆ ಸ್ಲ್ಯಾಬ್‌ಗೇ ಹೊಡೆಯುವುದು. ಕೂತವರ ಕಿವಿಗಿಂತ ಸುಮಾರು ಒಂದು ಅಡಿ ಮುಂದೆ, ಮುಂದಿನ ಎಡ ಬಲ ಸ್ಪೀಕರುಗಳ ನೇರಕ್ಕೆ ಇರಲಿ. ಕಿವಿಯಿಂದ ಛಾವಣಿಗೆ ಆರೂವರೆ ಅಡಿ ಇರುವುದರಿಂದ ಕೋನ 80 ಡಿಗ್ರಿಯಷ್ಟಾಗುತ್ತದೆ. ಹಾಲಿನ ನಡುವೆ ತೂಗುವ 48 ಇಂಚಿನ ಫ್ಯಾನಿನ ರೆಕ್ಕೆಗಳಿಂದಲೂ ಅವು ಸಾಕಷ್ಟು ದೂರ ಉಳಿಯುತ್ತವೆ. ಇದಕ್ಕೆ ದೊಡ್ಡ ಸ್ಪೀಕರ್ ಬೇಡ. ನಾಲ್ಕೈದು ಇಂಚಿನ ವೂಫರ್ ಇರುವ, ಬ್ರಾಕೆಟ್ ಕೂರಿಸಲು ಹಿಂದೆ ಬೋಲ್ಟಿನ ಜಾಗವಿರುವ ಹಗುರ ಬುಕ್‌ಶೆಲ್ಫ್ ಸ್ಪೀಕರ್ ಸಾಕು. ನಿಮ್ಮಲ್ಲಿರುವ ಕಂಪನಿಯದೇ ಸಿಕ್ಕರೆ ಸದ್ದಿನ ಗುಣ ಹೊಂದುತ್ತದೆ, ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮುಖವನ್ನು ಸೋಫಾದ ಕಡೆಗೆ ಬಾಗಿಸಿ.

ಸ್ಲ್ಯಾಬ್ ಕೊರೆಯುವಾಗ ಎರಡು ಎಚ್ಚರ ಬೇಕು. ಕಾಂಕ್ರೀಟಿನೊಳಗೆ ಲೈಟು, ಫ್ಯಾನಿನ ಪೈಪುಗಳು ಓಡಿರುತ್ತವೆ. ಫ್ಯಾನ್ ಬಾಕ್ಸಿನಿಂದ ಸ್ವಿಚ್‌ಬೋರ್ಡಿನ ಗೋಡೆಯ ಕಡೆಗೆ ಹೋಗುವ ನೇರದಲ್ಲಿ ಡ್ರಿಲ್ ಇಡಬೇಡಿ. ತಲೆಯ ಮೇಲೆ ತೂಗುವ ಭಾರಕ್ಕೆ ಪ್ಲಾಸ್ಟಿಕ್ ಪ್ಲಗ್ ನೆಚ್ಚಬಾರದು, ಕಬ್ಬಿಣದ ಆ್ಯಂಕರ್ ಫಾಸ್ಟನರ್ ಹಾಕಿಸಿ. ಜೊತೆಗೆ ಬ್ರಾಕೆಟ್ ಕೈಕೊಟ್ಟರೂ ಸ್ಪೀಕರ್ ಕೆಳಗೆ ಬೀಳದಂತೆ ಒಂದು ತೆಳು ಸ್ಟೀಲ್ ತಂತಿಯನ್ನು ಬೇರೊಂದು ಹುಕ್ಕಿಗೆ ಕಟ್ಟಿಸಿ. ಸ್ಪೀಕರ್ ವೈರ್ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ್ದು ಸಾಕು. ಬಿಳಿ ಕೇಸಿಂಗ್ ಪಟ್ಟಿಯೊಳಗೆ ಗೋಡೆಯ ಅಂಚಿಗೆ ತಂದರೆ ಕಣ್ಣಿಗೆ ಹೊಡೆಯುವುದಿಲ್ಲ. ಕರೆಂಟಿನ ವೈರ್ ಇರುವ ಪೈಪಿನೊಳಗೆ ಮಾತ್ರ ಇದನ್ನು ತೂರಿಸಬೇಡಿ.

ಸ್ಲ್ಯಾಬ್ ಮುಟ್ಟುವುದೇ ಬೇಡ ಎಂದಾದರೆ ಎರಡನೆಯ ಆಯ್ಕೆ ಪಕ್ಕದ ಗೋಡೆಗಳ ತುದಿ. ಸೋಫಾದ ನೇರಕ್ಕೆ, ಛಾವಣಿಗೆ ಅರ್ಧ ಅಡಿ ಕೆಳಗೆ ಹೊಡೆದು ಕೆಳಮುಖವಾಗಿ ಬಾಗಿಸಿದರೆ ಮಧ್ಯೆ ಕೂತವರಿಗೆ 47 ಡಿಗ್ರಿ ಎತ್ತರದಿಂದ ಬರುತ್ತದೆ. ಮೂರನೆಯದು ಮುಂದಿನ ಗೋಡೆಯ ತುದಿ, ಅದರ 31 ಡಿಗ್ರಿಯ ಲೆಕ್ಕವನ್ನು ಆಗಲೇ ಹೇಳಿದೆ. ಮಳೆಯಂಥ ಸದ್ದಿಗೆ ಪಕ್ಕದ ಗೋಡೆಯೇ ವಾಸಿ.

ಮೊದಲ ಅಂಗಡಿಯವರು ಹೇಳಿದ, ಸ್ಪೀಕರಿನ ತಲೆಯ ಮೇಲೆ ಕೂತು ಛಾವಣಿಗೆ ಸದ್ದು ಎಸೆಯುವ ಜೋಡಿ ನಾಲ್ಕನೆಯದು. ಗೋಡೆಗೆ ಎಸೆದ ರಬ್ಬರ್ ಚೆಂಡು ಪುಟಿದು ಬರುವಂತೆ ಸದ್ದು ಛಾವಣಿಗೆ ಬಡಿದು ನಿಮ್ಮ ಮೇಲೆ ಇಳಿಯಬೇಕು. ಇದಕ್ಕೆ ಸಪಾಟಾದ ಗಟ್ಟಿ ಛಾವಣಿ ಬೇಕು, ಆ ವಿಷಯದಲ್ಲಿ ಆರ್‌ಸಿಸಿ ಸ್ಲ್ಯಾಬ್‌ಗಿಂತ ಒಳ್ಳೆಯದಿಲ್ಲ. 10 ಅಡಿ ಎತ್ತರವೂ ಅಡ್ಡಿಯಲ್ಲ. ತೊಡಕು ಫ್ಯಾನಿನದು. ಟಿವಿಯ ಎರಡು ಪಕ್ಕದಲ್ಲಿ 7 ಅಡಿ ಅಂತರದಲ್ಲಿರುವ ಸ್ಪೀಕರುಗಳಿಂದ ನಿಮ್ಮ ಕಿವಿಗೆ ಬರುವ ಸದ್ದು ಛಾವಣಿಗೆ ಬಡಿಯುವ ಜಾಗ ಲೆಕ್ಕ ಹಾಕಿದರೆ, ಅದು ಹೆಚ್ಚುಕಡಿಮೆ ಫ್ಯಾನಿನ ರೆಕ್ಕೆಯ ಅಂಚಿಗೇ ಬರುತ್ತದೆ. ಇನ್ನೊಂದು ತೊಡಕೆಂದರೆ, ದಪ್ಪ ಸದ್ದು ಬೆಳಕಿನಂತೆ ನೇರ ಹೋಗುವುದಿಲ್ಲ, ಸುತ್ತಲೂ ಹರಡಿ ಸ್ಪೀಕರಿನಿಂದಲೇ ನೇರವಾಗಿ ಕಿವಿಗೆ ಬರುತ್ತದೆ. ಅದನ್ನು ಮರೆಸಲೆಂದೇ ಡಾಲ್ಬಿ ಈ ಸ್ಪೀಕರುಗಳ ಸದ್ದಿಗೆ ಎತ್ತರದ ಬಣ್ಣ ಹಚ್ಚುವ ಒಂದು ಫಿಲ್ಟರ್ ಇಟ್ಟಿದೆ. ಹೊರಗಿವಿಯ ಮಡಿಕೆಗಳ ಆಟವನ್ನೇ ಅದು ಅನುಕರಿಸುತ್ತದೆ. ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯುವ ಹಾಗಿಲ್ಲದವರಿಗೆ ಇದು ಒಳ್ಳೆಯ ದಾರಿಯೇ. ಸ್ವಂತ ಮನೆಯಲ್ಲಿರುವ ನಿಮಗೆ ಬೇಡ. ಮಂಗಳೂರು ಹಂಚಿನ ಇಳಿಜಾರು ಮಾಡಿನ ಮನೆಗಳಲ್ಲಂತೂ ಸದ್ದು ಜಂತಿ, ಹಂಚುಗಳಿಗೆ ಬಡಿದು ದಿಕ್ಕಾಪಾಲಾಗುತ್ತದೆ. ಅಲ್ಲಿ ಸ್ಪೀಕರುಗಳನ್ನೇ ಜಂತಿಗೆ ಕಟ್ಟಬೇಕು.

ಫಾಲ್ಸ್ ಸೀಲಿಂಗ್ ಬೇರೆ ಕಾರಣಕ್ಕೆ ಮಾಡಿಸುವವರಿದ್ದರೆ ಆಗ ಸೀಲಿಂಗ್‌ನೊಳಗೆ ಕೂರುವ ದುಂಡು ಸ್ಪೀಕರ್ ಹಾಕಿಸಿ, ನೋಟಕ್ಕೂ ಚೆಂದ. ಸ್ಪೀಕರಿಗೋಸ್ಕರವೇ ಸೀಲಿಂಗ್ ಮಾಡಿಸಬೇಡಿ. ಜಿಪ್ಸಮ್ ಹಲಗೆ ಮತ್ತು ತಗಡಿನ ಚಾನೆಲ್‌ಗಳು ಸಡಿಲವಿದ್ದರೆ ದಪ್ಪ ಸದ್ದಿಗೆ ಗಲಗಲ ಅಲುಗಾಡುತ್ತವೆ. ಆಮೇಲೆ ಆ ಸದ್ದಿನ ಮೂಲ ಹುಡುಕುವುದು ದೊಡ್ಡ ಪಾಡು.

ಸ್ಪೀಕರ್ ಏರಿಸಿದ ಮೇಲೆ ರಿಸೀವರಿನ ಮೆನುವಿಗೆ ಬನ್ನಿ. ಆಂಪ್ ಅಸೈನ್ ಎಂಬಲ್ಲಿ ಸರೌಂಡ್ ಬ್ಯಾಕ್ ಇರುವುದನ್ನು ಹೈಟ್‌ಗೆ ಬದಲಾಯಿಸಿ. ಹೊಡೆದ ಜಾಗಕ್ಕೆ ತಕ್ಕ ಹೆಸರು ಕೊಡಿ: ನೆತ್ತಿಯ ಮೇಲಿನದಾದರೆ ಟಾಪ್ ಮಿಡ್ಲ್, ಮುಂದಿನ ಗೋಡೆಯದಾದರೆ ಫ್ರಂಟ್ ಹೈಟ್. ಡಾಲ್ಬಿ ಎನೇಬಲ್ಡ್ ಎಂಬ ಆಯ್ಕೆ ಛಾವಣಿಗೆ ಎಸೆಯುವ ಸ್ಪೀಕರಿಗೆ ಮಾತ್ರ ಮೀಸಲು, ಸ್ಲ್ಯಾಬ್‌ಗೆ ಹೊಡೆದವಕ್ಕೆ ಅದನ್ನು ಒತ್ತಿದರೆ ಲೆಕ್ಕ ತಪ್ಪುತ್ತದೆ. ಚಿಕ್ಕ ಸ್ಪೀಕರುಗಳಾದ್ದರಿಂದ ಕ್ರಾಸ್‌ಓವರ್ 100ರಿಂದ 120 ಹರ್ಟ್ಜ್‌ಗೆ ಇಡಿ, ಅದರ ಕೆಳಗಿನದನ್ನು ಸಬ್‌ವೂಫರ್ ನೋಡಿಕೊಳ್ಳುತ್ತದೆ. ಆಮೇಲೆ ರಿಸೀವರಿನ ಜೊತೆ ಬಂದ ಮೈಕನ್ನು ಕಿವಿಯ ಎತ್ತರದಲ್ಲಿ ಇಟ್ಟು, ಫ್ಯಾನ್ ಆರಿಸಿ, ಅಳತೆಯನ್ನು ಹೊಸದಾಗಿ ಓಡಿಸಿ. ಡೆನಾನ್, ಮರಾಂಟ್ಜ್‌ನವರದು ಆಡಿಸ್ಸಿ, ಯಮಾಹಾದ್ದು ವೈಪಿಎಒ. ಸೋಫಾ ಸರಿಸಿದ್ದರಿಂದ ಹಳೆಯ ಅಳತೆ ಯಾವುದೂ ಈಗ ಉಪಯೋಗಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮೇಲಿನ ಸ್ಪೀಕರುಗಳು ಬಾಯಿ ಬಿಡಲಿಲ್ಲ ಎಂಬ ದೂರು ಸಾಮಾನ್ಯ. ಬಹಳಷ್ಟು ಸಲ ದೋಷ ಕೇಬಲ್ಲಿನದು. ಟಿವಿಯಿಂದ ರಿಸೀವರಿಗೆ ಆಪ್ಟಿಕಲ್ ಕೇಬಲ್ ಹಾಕಿದ್ದರೆ ಅಟ್ಮೋಸ್ ಬರುವುದಿಲ್ಲ, ಒಟಿಟಿಯವರು ಅಟ್ಮೋಸ್ ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್ ಅದರಲ್ಲಿ ಹಾಯುವುದಿಲ್ಲ. ಟಿವಿಯ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಬಳಸಿ. ಒಟಿಟಿಗೆ ಎಆರ್‌ಸಿ ಸಾಕು, ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿಯನ್ನು ಟಿವಿಯ ಮೂಲಕ ಕಳಿಸುವುದಾದರೆ ಇಎಆರ್‌ಸಿ ಬೇಕು. ಟಿವಿಯ ಆಡಿಯೊ ಸೆಟ್ಟಿಂಗ್ ಪಿಸಿಎಂ ಎಂದಿದ್ದರೆ ಪಾಸ್-ಥ್ರೂ ಮಾಡಿ. ಕೊನೆಗೆ ರಿಸೀವರಿನ ಡಿಸ್‌ಪ್ಲೇ ನೋಡಿ. ಅಲ್ಲಿ ಅಟ್ಮೋಸ್ ಎಂದು ಮೂಡಿದರೆ ಮಾತ್ರ ಬಂದಿದೆ. ಯೂಟ್ಯೂಬಿನಲ್ಲಿ ಸಿಗುವ ಅಟ್ಮೋಸ್ ಡೆಮೊಗಳಿಂದ ಪರೀಕ್ಷೆ ಮಾಡಬೇಡಿ, ಅಲ್ಲಿ ಅಟ್ಮೋಸ್ ಎನ್ನುವುದು ಶೀರ್ಷಿಕೆಯಲ್ಲಿ ಮಾತ್ರ. ಥಿಯೇಟರಿನಲ್ಲಿ ಅಟ್ಮೋಸ್ ಇದ್ದ ಕನ್ನಡ ಚಿತ್ರ ಒಟಿಟಿಗೆ ಬರುವಾಗ 5.1 ಆಗಿರುವುದೂ ಉಂಟು. ಚಿತ್ರದ ವಿವರದಲ್ಲಿ ಅಟ್ಮೋಸ್ ಗುರುತಿದೆಯೇ, ನಿಮ್ಮ ಚಂದಾ ಯೋಜನೆಯಲ್ಲಿ ಅದು ಸೇರಿದೆಯೇ ಎಂದು ನೋಡಿಕೊಳ್ಳಿ. ಹಳೆಯ ಚಿತ್ರಗಳಿಗೆ ರಿಸೀವರಿನ ಡಾಲ್ಬಿ ಸರೌಂಡ್ ಆಯ್ಕೆ ಹಾಕಿದರೆ ಅದು ಚಪ್ಪಾಳೆ, ಗಾಳಿ, ಗದ್ದಲಗಳನ್ನು ಆರಿಸಿ ಮೇಲಕ್ಕೆ ಹಂಚುತ್ತದೆ. ಮಾತು ಟಿವಿಯ ಬಳಿಯೇ ಉಳಿಯುತ್ತದೆ.

ಪರೀಕ್ಷೆಗೆ ಗುಂಡು, ಸ್ಫೋಟದ ದೃಶ್ಯ ಬೇಡ. ನೆಟ್‌ಫ್ಲಿಕ್ಸ್‌ನಲ್ಲಿರುವ ಅಲ್ಫೋನ್ಸೊ ಕ್ವಾರೋನ್‌ರ 'ರೋಮಾ' (2018) ಹಾಕಿ. ನೆಲ ತೊಳೆಯುವ ನೀರಿನಲ್ಲಿ ಆಕಾಶದ ಚೌಕ ಕಾಣುತ್ತದೆ, ಅದರಲ್ಲಿ ವಿಮಾನವೊಂದು ಹಾದುಹೋಗುತ್ತದೆ. ಕಣ್ಣು ಕೆಳಗೆ ನೋಡುತ್ತಿರುವಾಗ ಕಿವಿ ಮೇಲಕ್ಕೆ ಹೋಗಬೇಕು. ಅದಾಯಿತೆಂದರೆ ನಿಮ್ಮ ಜೋಡಣೆ ಸರಿಯಿದೆ. ಮಿಕ್ಕಂತೆ ಚಿತ್ರದ ಬಹುಪಾಲು ಹೊತ್ತು ಹೈಟ್ ಸ್ಪೀಕರುಗಳು ಸುಮ್ಮನಿರುತ್ತವೆ, ಇಲ್ಲವೇ ಮಳೆ, ಗಾಳಿ, ದೊಡ್ಡ ಕಟ್ಟಡದ ಪ್ರತಿಧ್ವನಿಯಷ್ಟನ್ನೇ ನುಡಿಸುತ್ತವೆ. ಕೇಳಿಸುತ್ತಿಲ್ಲ ಎಂದು ವಾಲ್ಯೂಮ್ ಏರಿಸಬೇಡಿ. ಒಂದೆರಡು ಡೆಸಿಬೆಲ್ ಏರಿಸಿದರೆ ಪರವಾಗಿಲ್ಲ, ಅದಕ್ಕಿಂತ ಮೇಲೆ ಹೋದರೆ ಕಥೆ ಬಿಟ್ಟು ಸ್ಪೀಕರ್ ಕೇಳುತ್ತಾ ಕೂರುತ್ತೀರಿ. ಅವುಗಳ ಕೆಲಸ ನಡೆದಿದೆಯೇ ಎಂದು ತಿಳಿಯಲು ಮಳೆಯ ದೃಶ್ಯದಲ್ಲಿ ಅವನ್ನು ಮೆನುವಿನಿಂದ ಆರಿಸಿ ನೋಡಿ. ಕೋಣೆಯ ಮಾಡು ಕೆಳಗೆ ಇಳಿದಂತೆ ಅನಿಸಿದರೆ ದುಡ್ಡು ದಂಡವಾಗಿಲ್ಲ. ಬೇಸಿಗೆಯಲ್ಲಿ ಫ್ಯಾನ್ ಪೂರ್ತಿ ಓಡುತ್ತಿದ್ದರೆ ಈ ನವಿರು ಸದ್ದುಗಳೇ ಮೊದಲು ಮುಳುಗುತ್ತವೆ ಎಂಬುದೂ ನೆನಪಿರಲಿ.

ನಾಲ್ಕು ಯಾವಾಗ? ಎರಡು ಹೈಟ್ ಇದ್ದಾಗ ವಿಮಾನ ಮೇಲಿದೆ ಎಂದು ಗೊತ್ತಾಗುತ್ತದೆ. ನಾಲ್ಕಿದ್ದಾಗ ಅದು ಮುಂದಿನಿಂದ ಹಿಂದಕ್ಕೆ ಹೋಯಿತೆಂಬುದೂ ಸ್ಪಷ್ಟವಾಗುತ್ತದೆ. ಅದಕ್ಕೆ ರಿಸೀವರ್ ಬದಲಾಗಬೇಕು, ಆದ್ದರಿಂದ ಈಗಿನದು ಕೈಕೊಡುವವರೆಗೆ ಅವಸರ ಮಾಡಬೇಡಿ. ಸರೌಂಡ್ ಕೆಳಗಿಳಿಸುವಾಗ ಲಿಂಟಲ್ ಮಟ್ಟದ ಹಳೆಯ ಬ್ರಾಕೆಟ್ ಮತ್ತು ವೈರುಗಳನ್ನು ಕೀಳಿಸದೆ ಬಿಡಿ. ಸೋಫಾ ಮುಂದೆ ಬಂದ ಮೇಲೆ ಪಕ್ಕದಿಂದ ನೋಡಿದರೆ ಆ ಜಾಗ ಸುಮಾರು 139 ಡಿಗ್ರಿಯಲ್ಲಿದೆ, ಹಿಂದಿನ ಹೈಟ್ ಜೋಡಿಗೆ ಮಾರ್ಗಸೂಚಿಯ ಒಳಗೇ ಬರುತ್ತದೆ. ಆಗ ನೆತ್ತಿಯ ಮೇಲಿನ ಜೋಡಿಯನ್ನು ಕಿವಿಯಿಂದ ಆರೂವರೆ ಅಡಿ ಮುಂದಕ್ಕೆ, 45 ಡಿಗ್ರಿಗೆ ಸರಿಸಿದರಾಯಿತು.

ಸದ್ಯಕ್ಕೆ ಈ ವಾರ ಸೋಫಾ ಎಳೆದು, ಸರೌಂಡ್ ಜೋಡಿಯನ್ನು ಎರಡು ಸ್ಟೂಲಿನ ಮೇಲಾದರೂ ಇಟ್ಟು ನಿಮಗಿಷ್ಟವಾದ ಒಂದು ಚಿತ್ರ ನೋಡಿ. ಆ 5.1ರಲ್ಲೇ ಮನೆಯವರೆಲ್ಲ ತೃಪ್ತರಾದರೆ ಡ್ರಿಲ್ಲಿಂಗ್ ಮಶೀನ್ ಹೊರತೆಗೆಯುವ ಅಗತ್ಯವೇ ಇಲ್ಲ. ಇನ್ನೂ ಮೇಲಿನಿಂದ ಏನೋ ಬೇಕು ಎನಿಸಿದರೆ ಒಂದು ಜೋಡಿ ಚಿಕ್ಕ ಸ್ಪೀಕರ್, ಎರಡು ಬ್ರಾಕೆಟ್ ಮತ್ತು ವೈರ್ ತನ್ನಿ. ಅದಕ್ಕಿಂತ ಹೆಚ್ಚಿನದೇನೂ ನಿಮ್ಮ ಹಾಲಿಗೆ ಈಗ ಬೇಕಿಲ್ಲ.